‘ಶಾಂತಲಾ’ ಬರೆದವರ ಸೂರ್ಯನಮಸ್ಕಾರ

ದಿನಾ ಬೆಳಗ್ಗೆ ಹನ್ನೆರಡು ಸೂರ್ಯನಮಸ್ಕಾರ ಹಾಕುವಾಗ, ಋಷಿಮುನಿಗಳು ಮಾಡಿದ್ದನ್ನೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಸೂರ್ಯನಿಗೆ ಕೈಮುಗಿಯೋದು ಹಳೆಯದು, ಸರಿ. ಆದರೆ ಲೆಕ್ಕ ಇಟ್ಟುಕೊಂಡು ಬಗ್ಗಿ ಏಳುವ ನಿತ್ಯದ ವ್ಯಾಯಾಮವಾಗಿ ಅದು ಊರೂರಿಗೆ ಹಬ್ಬಿದ್ದು ಇಪ್ಪತ್ತನೇ ಶತಮಾನದಲ್ಲಿ! ಹಬ್ಬಿಸಿದವರಲ್ಲಿ ಮುಖ್ಯರು ಸಾತಾರಾ ಸೀಮೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ತಾವೂ ಮಾಡಿದರು, ಶಾಲೆ ಮಕ್ಕಳಿಂದಲೂ ಮಾಡಿಸಿದರು.

ನಮ್ಮ ಕಡೆ? ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್. ಹೌದು, ‘ಶಾಂತಲಾ’, ‘ರೂಪದರ್ಶಿ’ ಬರೆದ ಅಯ್ಯರೇ, ಕೈಲಾಸಂ ಗೆಳೆಯರು. 1930ರಲ್ಲಿ ‘ಮಸಲ್ ಕಲ್ಟ್’ ಅಂತ ಇಂಗ್ಲಿಷ್ ಪುಸ್ತಕ ಬರೆದರು, 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆಯೇ ಒಂದು. ಬಾರ್‌ಬೆಲ್ ಎತ್ತಿದ ಕೈಗೆ ನಮಸ್ಕಾರ ಹೊರೆಯಾಗಲಿಲ್ಲ ನೋಡಿ... ಅದೇ ಹೊತ್ತಿಗೆ, 1933ರಿಂದ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೀತಿತ್ತು.

ಇಷ್ಟು ಓದಿದ ಮೇಲೆ ಮೊದಲು ಸ್ವಲ್ಪ ಪೆಚ್ಚಾದೆ, ನಿಜ ಹೇಳ್ತೀನಿ. ಅಮ್ಮನಿಗೆ ಫೋನ್ ಮಾಡಿದೆ. “ನಿಮ್ಮ ತಾತ ಲಂಗೋಟಿ ಕಟ್ಕೊಂಡು ಹಿತ್ತಲಲ್ಲಿ ಹಾಕ್ತಿದ್ರಲ್ಲೋ, ಮರೆತ್ಯಾ? ಆದ್ರೆ ಅದನ್ನ ಯಾರೂ ಯೋಗ ಅಂತಿರ್ಲಿಲ್ಲಪ್ಪ, ಕಸರತ್ತು ಅಂತಿದ್ವಿ” ಅಂದ್ರು.

ನಿಮ್ಮ ಮನೇಲಿ ಏನಂತಿದ್ರು?