ಮೆಣಸಿನಕಾಯಿಯೂ ಅದರ ಕಳೆಯೂ

ಮೆಣಸಿನಕಾಯಿಯು ಭರತಖಂಡದ ಮೂಲಸಸ್ಯವಲ್ಲ. ಪ್ರಾಚೀನರ ಅಡಿಗೆಯಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿ, ಹಿಪ್ಪಲಿಗಳೇ ಆಧಾರವಾಗಿದ್ದುವು. ಮೆಕ್ಸಿಕೋ ದೇಶದ ಈ ಬೆಳೆಯನ್ನು 16ನೆಯ ಶತಮಾನದಲ್ಲಿ ಪೋರ್ತುಗೀಸರು ಪಶ್ಚಿಮ ಕರಾವಳಿಗೆ ತಂದರು. ಕನ್ನಡಿಗರು ಆ ಪರದೇಶಿಗೆ ತಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಕ್ಕೆ ಕರೆದುಕೊಂಡರು. ಬ್ಯಾಡಗಿಯ ಕೀರ್ತಿಯೆಲ್ಲವೂ ಅದರಿಂದಲೇ.

ಈ ಪೈರು ಎಳವೆಯಲ್ಲಿ ಬಹು ಮೆಲ್ಲನೆ ಬೆಳೆಯುವುದು. ಅದರ ನೆರಳು ನೆಲವನ್ನು ಮುಚ್ಚುವ ಮೊದಲೇ ಗರಿಕೆ, ಕೊನ್ನಾರಿಗಳು ತಲೆಯೆತ್ತುವುವು. ಸಾಲುಗಳ ನಡುವಣ ಕಳೆಯನ್ನು ಎತ್ತುಗಳ ಎಡೆಕುಂಟೆಯು ಕೊಯ್ದುಹಾಕುವುದು. ಬುಡದ ಕಳೆಗಾದರೋ ಹೆಂಗಸರ ಕೈಯೇ ಬೇಕು. (ಕೊನ್ನಾರಿಯ ಗೆಡ್ಡೆಯೇ ವೈದ್ಯರ ಮುಸ್ತೆ: ಹೊಲದಲ್ಲಿ ಶತ್ರು, ಕಷಾಯದಲ್ಲಿ ಮಿತ್ರ!)

ಆದರೆ 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಮ್, ಎಂದರೆ ಜನರು ಕಾಂಗ್ರೆಸ್ ಕಳೆಯೆಂದು ಕರೆಯುವ ಗಿಡವು, ಇವುಗಳಂಥ ಹಳೆಯ ನೆರೆಯದಲ್ಲ. ಅದರ ತವರೂ ಅಮೆರಿಕಾ ಖಂಡವೇ. ನಾಲ್ಕು ಶತಮಾನಗಳ ತರುವಾಯ ಮೆಣಸಿನಕಾಯಿಯ ನೆಂಟನೇ ವೈರಿಯಾಗಿ ಬಂದಂತಾಯಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಚೆಲ್ಲುವುದು. ಅದರ ಪರಾಗವು ಮೆಣಸಿನ ಹೂವಿನ ಮೇಲೆ ಬಿದ್ದರೆ ಕಾಯಿಕಟ್ಟುವುದು ಕುಂದುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಅದಕ್ಕಿಂತಲೂ ದಾರುಣವಾದುದು ಬೇರೊಂದುಂಟು. ಆ ಗಿಡವನ್ನು ಬರಿಗೈಯಿಂದ ಕೀಳುವವರಲ್ಲಿ ಹಲವರ ಚರ್ಮಕ್ಕೆ ಉರಿ, ತುರಿಕೆ, ಹುಣ್ಣುಗಳುಂಟಾಗುವುವು. ತಲೆತಲಾಂತರದಿಂದ ಹೊಲವನ್ನು ಕಾಪಾಡಿದ ಕೈಗೇ ಪೆಟ್ಟು ಬಿದ್ದಿತು.

1984ರಲ್ಲಿ ಬೆಂಗಳೂರಿನಲ್ಲಿ ಈ ಕಳೆಯನ್ನು ತಿನ್ನುವ ಜೀರುಂಡೆಯೊಂದನ್ನು ಬಿಟ್ಟರು. ಅದನ್ನು ತರಿಸಿದ್ದೂ ಮೆಕ್ಸಿಕೋವಿನಿಂದಲೇ! ಮಳೆಗಾಲದಲ್ಲಿ ಅದು ಎಲೆಗಳನ್ನು ಬರಿದುಮಾಡುವುದು. ಒಣಗಾಲದಲ್ಲಿ ಮಣ್ಣೊಳಗೆ ಮಲಗಿಬಿಡುವುದು. ಆಗ ಹೂವರಳುವ ಮುನ್ನ ಗಿಡವನ್ನು ಕೀಳುವ ಕೆಲಸವು ಮರಳಿ ಹೆಂಗಸರ ಪಾಲಿಗೇ ಬರುತ್ತದೆ; ಕೈಗವಸುಗಳಾದರೋ ಎಲ್ಲರಿಗೂ ದೊರೆಯುವುದಿಲ್ಲ.