ಶಕ್ತಿಮಾನ್ ಟ್ರಕ್ಕಿನ ಇಂಧನ ಪೂರೈಕೆ ದೋಷಗಳು

ಶಕ್ತಿಮಾನ್ ಭಾರತೀಯ ಸೇನೆಯು ದೀರ್ಘಕಾಲ ಬಳಸಿದ ಟ್ರಕ್. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಡಿ ಇದರ ತಯಾರಿಕೆ 1959ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. ಇಂತಹ ಹಳೆಯ ಡೀಸೆಲ್ ವಾಹನಗಳಲ್ಲಿ ಇಂಧನವು ಟ್ಯಾಂಕಿನಿಂದ ಫೀಡ್ ಪಂಪ್, ಫಿಲ್ಟರ್ ಮತ್ತು ಇಂಜೆಕ್ಷನ್ ಪಂಪ್‌ಗಳ ಮೂಲಕ ಇಂಜೆಕ್ಟರ್‌ಗಳನ್ನು ತಲುಪುತ್ತದೆ.

ದೋಷ ಪತ್ತೆ

ದೋಷವನ್ನೂ ಇದೇ ಕ್ರಮದಲ್ಲಿ ಹುಡುಕಲಾಗುತ್ತದೆ. ಎಂಜಿನ್ ಚಾಲೂ ಆಗಿ ತುಸು ಹೊತ್ತಿನಲ್ಲೇ ನಿಂತರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಶಕ್ತಿ ಕುಂದಿದರೆ ಫಿಲ್ಟರ್ ಕಟ್ಟಿಕೊಂಡಿರಬಹುದು. ಫಿಲ್ಟರ್ ಮೇಲಿನ ತಿರುಪನ್ನು ಸಡಿಲಿಸಿ, ನೊರೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ ಗಾಳಿ ತೆಗೆಯಬೇಕು. ಗುಳ್ಳೆಗಳು ನಿಲ್ಲದಿದ್ದರೆ ಟ್ಯಾಂಕ್ ಮತ್ತು ಫೀಡ್ ಪಂಪ್ ನಡುವಿನ ಜೋಡಣೆಗಳನ್ನು ಪರೀಕ್ಷಿಸಬೇಕು. ಅಲ್ಲಿ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಸೇರಬಲ್ಲದು. ಇಷ್ಟನ್ನು ನೋಡದೆ ಇಂಜೆಕ್ಷನ್ ಪಂಪನ್ನು ಬಿಚ್ಚಬಾರದು. ಬಿಚ್ಚಿದರೆ ಅದರ ಮರುಹೊಂದಾಣಿಕೆಗೆ ಪರೀಕ್ಷಾ ಯಂತ್ರವೇ ಬೇಕಾಗುತ್ತದೆ.