ಉರ್ವದ ಪರದೆಗಳು: 24ರಿಂದ 120ರವರೆಗೆ

ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್ ಎಂಬ ಲೆಕ್ಕವನ್ನು ಕೊಟ್ಟದ್ದು ಧ್ವನಿ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ವೇಗ 16ರ ಆಸುಪಾಸಿನಿಂದ 20ರ ಆಚೆಗೂ ಏರಿಳಿಯುತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅಭಿನಯಿಸಿದ, ಮೋಹನ್ ಭವನಾನಿ ನಿರ್ದೇಶನದ ‘ವಸಂತಸೇನಾ’ (1931) ಆ ಯುಗದ ಕೊನೆಯ ವರ್ಷಗಳದ್ದು. ಫಿಲ್ಮಿನ ಅಂಚಿಗೆ ಧ್ವನಿಪಟ್ಟಿ ಸೇರಿದ ಮೇಲೆ ವೇಗ ಹೆಚ್ಚುಕಡಿಮೆಯಾದರೆ ಹಾಡಿನ ಶ್ರುತಿಯೇ ಕೆಡುತ್ತಿತ್ತು. ಹಾಗಾಗಿ 1920ರ ದಶಕದ ಕೊನೆಗೆ 24 ಗಟ್ಟಿಯಾಯಿತು. 1934ರ ‘ಸತಿ ಸುಲೋಚನಾ’ದಿಂದ ಮೊದಲಾದ ಕನ್ನಡ ವಾಕ್ಚಿತ್ರಗಳೂ 1971ರ ‘ಎನ್ನ ತಂಗಡಿ’ಯಿಂದ ಮೊದಲಾದ ತುಳು ಚಿತ್ರಗಳೂ ಈ ಪದ್ಧತಿಯವೇ. ಹೆಚ್ಚಿಸಲು ದುಡ್ಡೂ ಅಡ್ಡಿ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್‌ಗಳಿರುವುದರಿಂದ ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ ಬೇಕು. 48 ಎಂದರೆ ಅದರ ಇಮ್ಮಡಿ. ಒಂದೆರಡು ಜಿಲ್ಲೆಗಳ ಮಾರುಕಟ್ಟೆಯನ್ನೇ ನಂಬಿದ ತುಳು ನಿರ್ಮಾಪಕರಿಗೆ ಅದು ಎಟುಕುವ ಮಾತಲ್ಲ.

ಮಂಗಳೂರಿನ ಉರ್ವ, ಚಿಲಿಂಬಿ, ಅಶೋಕನಗರದ ಮನೆಗಳಿಗೆ ಟಿ.ವಿ. ಬಂದಾಗ ಲೆಕ್ಕ ಬೇರೆಯಾಯಿತು. ಭಾರತದ ವಿದ್ಯುತ್ತು 50 ಹರ್ಟ್ಸ್‌ನದು. ದೂರದರ್ಶನದ ಪಾಲ್ ಪದ್ಧತಿಯಲ್ಲೂ ಸೆಕೆಂಡಿಗೆ 50 ಅರೆಚಿತ್ರಗಳು. ಕ್ರಿಕೆಟ್, ವಾರ್ತೆ ನುಣುಪಾಗಿ ಹರಿದವು. ಸಿನಿಮಾವನ್ನು ಮಾತ್ರ 25ರ ವೇಗದಲ್ಲಿ ಓಡಿಸುವುದು ಪಾಲ್ ಪದ್ಧತಿಯ ರೂಢಿ. ಹೀಗೆ ಓಡಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿ ತುಸು ಮೇಲೇರುತ್ತದೆ. ನುಣುಪಾದದ್ದು ‘ಲೈವ್’, ಕೊಂಚ ತಡವರಿಸುವುದು ‘ಸಿನಿಮಾ’ ಎಂಬ ಅಭ್ಯಾಸ ಕಣ್ಣಿಗೆ ಅಂಟಿದ್ದು ಈ ಪೆಟ್ಟಿಗೆಯಿಂದಲೇ.

ಕರಾವಳಿಯಲ್ಲಿ ಈ ವ್ಯತ್ಯಾಸಕ್ಕೆ ಯಕ್ಷಗಾನಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ತೆಂಕುತಿಟ್ಟಿನ ಪುಂಡುವೇಷದವರು ಗಾಳಿಯಲ್ಲೇ ಗಿರಕಿ ಹೊಡೆಯುವ ಧೀಂಗಣಕ್ಕೆ ಪುತ್ತೂರು ಶ್ರೀಧರ ಭಂಡಾರಿ ಹೆಸರಾಗಿದ್ದರು. ವಿಡಿಯೊ ಕ್ಯಾಮೆರಾದ 50 ಅರೆಚಿತ್ರಗಳಲ್ಲಿ ಕಾಲು ನೆಲ ಬಿಡುವುದು, ಮೈ ತಿರುಗುವುದು, ಗೆಜ್ಜೆಗಾಲು ಮತ್ತೆ ನೆಲ ಮುಟ್ಟುವುದು ಸಾಲಾಗಿ ಕಾಣುತ್ತವೆ. ಅದೇ ಆಟ ವಿಸಿಡಿಗೆ ಇಳಿದಾಗ ಸಂಖ್ಯೆ 25ಕ್ಕೆ ಕುಸಿಯಿತು, ಏಕೆಂದರೆ ಆ ತಟ್ಟೆ ಅರೆಚಿತ್ರಗಳನ್ನು ಉಳಿಸಿಕೊಳ್ಳುವುದಿಲ್ಲ. ಗಿರಕಿಯ ಅರ್ಧ ಭಾಗ ಹೋಯಿತು. ಅಗ್ಗದ ತಟ್ಟೆಗಳಿಂದ ಪ್ರಸಂಗಗಳು ಮನೆಮನೆಗೆ ಮುಟ್ಟಿದವು ಎಂಬ ಹೊಗಳಿಕೆಯ ಜೊತೆಗೆ ಈ ನಷ್ಟವನ್ನೂ ಹೇಳಬೇಕು.

ಡಿಜಿಟಲ್ ಪ್ರೊಜೆಕ್ಟರುಗಳು ರೀಲಿನ ಖರ್ಚನ್ನು ತೆಗೆದುಹಾಕಿದವು. 2012ರಲ್ಲಿ ಪೀಟರ್ ಜಾಕ್ಸನ್ ‘ದ ಹಾಬಿಟ್’ ಅನ್ನು 48ರಲ್ಲಿ, 2016ರಲ್ಲಿ ಆಂಗ್ ಲೀ ‘ಬಿಲ್ಲಿ ಲಿನ್’ ಅನ್ನು 120ರಲ್ಲಿ ಚಿತ್ರಿಸಿದರು. ಧಾರಾವಾಹಿಯಂತೆ ಕಾಣುತ್ತದೆ ಎಂದು ಮೂಗು ಮುರಿದವರೇ ಹೆಚ್ಚು. 2022ರಲ್ಲಿ ಕನ್ನಡಕ್ಕೂ ಡಬ್ ಆಗಿ ಬಂದ ‘ಅವತಾರ್’ನ ಎರಡನೆಯ ಭಾಗ ಕೆಲವು ದೃಶ್ಯಗಳಿಗಷ್ಟೇ 48 ಬಳಸಿ ಜಾಣತನ ತೋರಿತು.

ಮನೆಯ ಎಲ್‌ಇಡಿ ಟಿ.ವಿ.ಗಳು ಇನ್ನೊಂದು ದಾರಿ ಹಿಡಿದವು: ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮನ್ನು ತಾವೇ ಊಹಿಸಿ ಸೇರಿಸುತ್ತವೆ. ಧೀಂಗಣದಂಥ ವೇಗಕ್ಕೆ ಈ ಊಹೆ ತಪ್ಪುತ್ತದೆ. ಕಿರೀಟದ ಅಂಚು ಹರಿದಂತೆ ಕಾಣುತ್ತದೆ. ಸಿನಿಮಾ ನೋಡುವಾಗ ಈ ಸೌಲಭ್ಯವನ್ನು ಆಫ್ ಮಾಡುವುದೇ ಮೇಲು. 120 ಹರ್ಟ್ಸ್ ಪರದೆ 24ರ ಪ್ರತಿ ಫ್ರೇಮನ್ನೂ ಐದು ಬಾರಿ ಸಮನಾಗಿ ತೋರಿಸಬಲ್ಲದು. 60ರ ಪರದೆ ಒಂದನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಿ ಸರಿದೂಗಿಸುತ್ತದೆ, ಆ ಕುಲುಕು ನಿಧಾನವಾಗಿ ಸರಿಯುವ ದೃಶ್ಯಗಳಲ್ಲಿ ಗೊತ್ತಾಗುತ್ತದೆ. ಉರ್ವಸ್ಟೋರಿನ ತುಳು ಭವನದಂಥ ಸಭಾಂಗಣದಲ್ಲಿ ಆಟವನ್ನು ಚಿತ್ರೀಕರಿಸುವವರಿಗೆ ಇಂದಿಗೂ 50 ಸೂಕ್ತ ಸಂಖ್ಯೆ. 60 ಇಟ್ಟರೆ ವಿದ್ಯುದ್ದೀಪದ ಮಿಡಿತಕ್ಕೆ ತಾಳೆಯಾಗದೆ ಚಿತ್ರ ಮಿನುಗುವ ಸಂಭವವಿದೆ.